ಚಳಿಗಾಲದ ಬ್ರೈಟನ್: ಮಕ್ಕಳ ಮನೆಗೆ ಹೋದ ಮೈಸೂರು, ಮಂಡ್ಯದವರಿಗೆ ಎರಡು ದಿನದ ಕಡಲೂರ ಪ್ರವಾಸ

ಡಿಸೆಂಬರ್, ಜನವರಿಯಲ್ಲಿ ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಹೋದ ಅಪ್ಪ-ಅಮ್ಮಂದಿರಿಗೆ ಎರಡನೇ ವಾರಕ್ಕೇ ನಾಲ್ಕು ಗೋಡೆ ಬೇಸರ ತರುತ್ತದೆ. ಸಂಜೆ ನಾಲ್ಕಕ್ಕೇ ಕತ್ತಲು, ಮಕ್ಕಳಿಗೆ ಆಫೀಸು, ಮಾತಾಡೋಣವೆಂದರೆ ಅಕ್ಕಪಕ್ಕದ ಬಾಗಿಲುಗಳೆಲ್ಲ ಮುಚ್ಚಿವೆ. ಆಗ ಮನೆಯಲ್ಲಿ ಯಾರಾದರೂ ಹೇಳುವ ಮಾತು: 'ಒಂದು ವೀಕೆಂಡು ಸಮುದ್ರ ನೋಡಿಕೊಂಡು ಬರೋಣ.' ಒಳ್ಳೆಯ ಯೋಚನೆಯೇ. ಆದರೆ ಮಲ್ಪೆ, ಮರವಂತೆ ನೆನಪಿಟ್ಟುಕೊಂಡು ಹೊರಟರೆ ಅರ್ಧ ದಿನದಲ್ಲಿ ಹಲ್ಲು ಕಟಕಟ ಅನ್ನುತ್ತ ಹೋಟೆಲ್ ಕೋಣೆ ಸೇರಬೇಕಾಗುತ್ತದೆ. ಅಲ್ಲಿ ಚಳಿಗಾಲದ ಸಮುದ್ರ ನೋಡುವುದಕ್ಕೆ, ಇಳಿಯುವುದಕ್ಕಲ್ಲ. ದಿನಕ್ಕೆ ಸಿಗುವ ಬೆಳಕು ಎಂಟು ಗಂಟೆ. ಈ ಎರಡನ್ನು ಒಪ್ಪಿಕೊಂಡು ಯೋಜನೆ ಹಾಕಿದವರ ಪ್ರವಾಸ ಚೆನ್ನಾಗಿ ಆಗುತ್ತದೆ.

ಇಂಗ್ಲೆಂಡಿನ ಸುತ್ತ ಕಡಲೂರುಗಳು ನೂರಾರಿವೆ. ಉತ್ತರದ ವಿಟ್ಬಿ ಬಹಳ ಚೆಂದ, ಆದರೆ ಲಂಡನ್ನಿನಿಂದ ಅರ್ಧ ದಿನದ ಹಾದಿ. ಮೊದಲ ಸಲದವರಿಗೆ, ಅದರಲ್ಲೂ ಅರವತ್ತು ದಾಟಿದವರನ್ನು ಕರೆದುಕೊಂಡು ಹೋಗುವವರಿಗೆ, ದಕ್ಷಿಣ ಕರಾವಳಿಯ ಬ್ರೈಟನ್ ಸರಿ. ಲಂಡನ್ನಿನಿಂದ ನೇರ ರೈಲಿದೆ, ಸಸ್ಯಾಹಾರ ಸುಲಭವಾಗಿ ಸಿಗುತ್ತದೆ, ಮಳೆ ಹಿಡಿದರೆ ಒಳಗೆ ನೋಡುವಂಥದ್ದು ಸಾಕಷ್ಟಿದೆ. ಮೇಲಾಗಿ ಮೈಸೂರಿನವರ ಕಣ್ಣಿಗೆ ಬೇರೆ ಥರವೇ ಕಾಣುವ ಒಂದು ಅರಮನೆ ಇದೆ, ಅದರ ಮಾತು ಮುಂದೆ.

ಯಾವ ವಾರ ಹೋಗಬೇಕು

ಡಿಸೆಂಬರ್ 24ರಿಂದ 26ರವರೆಗೆ ಬೇಡವೇ ಬೇಡ. 25ರಂದು ರೈಲು ಓಡುವುದಿಲ್ಲ, ಅಂಗಡಿ ತೆರೆಯುವುದಿಲ್ಲ. ನಮ್ಮಲ್ಲಿ ಹಬ್ಬವೆಂದರೆ ಬೀದಿ ತುಂಬುತ್ತದೆ, ಅಲ್ಲಿ ಬೀದಿ ಖಾಲಿಯಾಗುತ್ತದೆ. 26ರಂದೂ ರೈಲು ನಂಬಿ ಹೊರಡುವ ಹಾಗಿಲ್ಲ. ಹೊಸವರ್ಷದ ರಾತ್ರಿ ಕೋಣೆ ಬಾಡಿಗೆ ಏರಿರುತ್ತದೆ.

ಜನವರಿ ಎರಡನೇ ವಾರದಿಂದ ಫೆಬ್ರವರಿ ಮೊದಲ ವಾರದವರೆಗೆ ಎಲ್ಲಕ್ಕಿಂತ ಅಗ್ಗ, ಜನವೂ ಕಡಿಮೆ. ಫೆಬ್ರವರಿ ನಡುವೆ ಶಾಲೆಗಳಿಗೆ ಒಂದು ವಾರ ರಜೆ ಬರುತ್ತದೆ, ಆ ವಾರ ಬಿಡಿ. ಮಕ್ಕಳಿಗೆ ಒಂದು ದಿನ ರಜೆ ಹಾಕಲು ಸಾಧ್ಯವಿದ್ದರೆ ಶನಿವಾರ-ಭಾನುವಾರದ ಬದಲು ಭಾನುವಾರ-ಸೋಮವಾರ ಮಾಡಿಕೊಳ್ಳಿ. ಭಾನುವಾರ ರಾತ್ರಿಯ ಬಾಡಿಗೆ ಶನಿವಾರದ್ದಕ್ಕಿಂತ ಗಣನೀಯವಾಗಿ ಇಳಿದಿರುತ್ತದೆ. ಇದರಲ್ಲಿ ಒಂದೇ ತೊಡಕು: ಸೋಮವಾರ ಬ್ರೈಟನ್ ಮ್ಯೂಸಿಯಮ್ಮಿಗೆ ರಜೆ.

ಡಿಸೆಂಬರ್ 21ರ ಸುಮಾರಿಗೆ ಅಲ್ಲಿದ್ದರೆ 'ಬರ್ನಿಂಗ್ ದ ಕ್ಲಾಕ್ಸ್' ಎಂಬ ಮೆರವಣಿಗೆ ನೋಡಬಹುದು. ಬೆತ್ತಕ್ಕೆ ಕಾಗದ ಅಂಟಿಸಿದ ಲಾಂದ್ರಗಳನ್ನು ಊರವರು ಬೀದಿಯಲ್ಲಿ ಹೊತ್ತು ತಂದು ಕಡಲ ದಡದಲ್ಲಿ ಸುಡುತ್ತಾರೆ. ವರ್ಷದ ಅತಿ ದೀರ್ಘ ರಾತ್ರಿಯನ್ನು ಕಳಿಸಿಕೊಡುವ ಬಗೆ ಅದು. ಹವಾಮಾನ ಕೆಟ್ಟು ರದ್ದಾದ ವರ್ಷಗಳೂ ಇವೆ, ಆದ್ದರಿಂದ ಅದೊಂದಕ್ಕಾಗಿಯೇ ಕೋಣೆ ಹಿಡಿಯಬೇಡಿ.

ಊರಿನಿಂದಲೇ ತರಬೇಕಾದ್ದು, ತರಬಾರದ್ದು

ವೀಸಾ ಸಾಮಾನ್ಯ ಸಂದರ್ಶಕರದ್ದೇ ಸಾಕು, ಆರು ತಿಂಗಳವರೆಗಿನದು. ಬೆರಳಚ್ಚಿಗೆ ಬೆಂಗಳೂರಿಗೆ ಹೋಗಿಬರಬೇಕು. ಉತ್ತರಕ್ಕೆ ಸಾಮಾನ್ಯವಾಗಿ ಮೂರು ವಾರ ಹಿಡಿಯುವುದರಿಂದ ದೀಪಾವಳಿ ಹೊತ್ತಿಗೇ ಅರ್ಜಿ ಹಾಕಿದರೆ ಡಿಸೆಂಬರಿಗೆ ನಿರಾಳ. ಪ್ರಯಾಣ ವಿಮೆ ಕಡ್ಡಾಯವಲ್ಲ, ಆದರೂ ಮಾಡಿಸಿ. ತುರ್ತು ವಿಭಾಗದಲ್ಲಿ ನೋಡುವುದಕ್ಕೆ ಸಂದರ್ಶಕರಿಂದ ದುಡ್ಡು ಕೇಳುವುದಿಲ್ಲ. ಆಸ್ಪತ್ರೆಗೆ ದಾಖಲಾದ ಕ್ಷಣದಿಂದ ಬಿಲ್ಲು ಶುರು, ಅದು ಚಿಕ್ಕ ಬಿಲ್ಲಲ್ಲ. ಬಿ.ಪಿ., ಸಕ್ಕರೆ ಮಾತ್ರೆಗಳನ್ನು ಕೈಚೀಲದಲ್ಲೇ, ವೈದ್ಯರ ಚೀಟಿಯೊಡನೆ ಇಟ್ಟುಕೊಳ್ಳಿ.

ತಿಂಡಿ ವಿಷಯದಲ್ಲಿ ಹುಷಾರು. ಭಾರತದಿಂದ ಬರುವವರು ಹಾಲಿನ ಪದಾರ್ಥವನ್ನೂ ಮಾಂಸವನ್ನೂ ಬ್ರಿಟನ್ನಿನೊಳಕ್ಕೆ ಒಯ್ಯುವಂತಿಲ್ಲ. ತುಪ್ಪದ ಡಬ್ಬಿ, ಪೇಡ, ಖೋವಾದ ಸಿಹಿ ಸಿಕ್ಕಿಬಿದ್ದರೆ ಕಸದ ಬುಟ್ಟಿಗೆ. ತುಪ್ಪ ಸುರಿದು ಮಾಡಿದ ಮೈಸೂರುಪಾಕಿನ ಮೇಲೂ ಆಸೆ ಇಟ್ಟುಕೊಳ್ಳದಿರುವುದು ಕ್ಷೇಮ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ತೆಳು ಅವಲಕ್ಕಿ, ಕೋಡುಬಳೆ, ನಿಪ್ಪಟ್ಟು, ರಾಗಿ ಹುರಿಹಿಟ್ಟು ಇವುಗಳಿಗೆ ತಕರಾರಿಲ್ಲ. ಸಂಕ್ರಾಂತಿ ಕಳೆದು ಹೊರಡುವವರು ಎಳ್ಳು-ಬೆಲ್ಲ ಒಂದು ಕಾಲು ಕಿಲೋ ಹೆಚ್ಚಿಗೆ ಬೆರೆಸಿಕೊಳ್ಳಿ. ಗಾಳಿಯಲ್ಲಿ ನಡೆಯುವಾಗ ಕೋಟಿನ ಜೇಬಿನಿಂದ ತೆಗೆದು ಬಾಯಿಗೆ ಹಾಕಿಕೊಳ್ಳಲು ಅದಕ್ಕಿಂತ ಒಳ್ಳೆಯದು ಆ ದೇಶದಲ್ಲೂ ಸಿಗುವುದಿಲ್ಲ.

ಕೊಬ್ಬರಿ ಎಣ್ಣೆ 24 ಡಿಗ್ರಿ ಕೆಳಗೆ ಗಟ್ಟಿಯಾಗುತ್ತದೆ. ಅಲ್ಲಿ ಸದಾ ಕಲ್ಲೇ. ಕಿರುಬಾಯಿಯ ಬಾಟಲಿಯಲ್ಲಿ ಒಯ್ದರೆ ಹೊರಗೆ ಬರುವುದಿಲ್ಲ, ಅಗಲ ಬಾಯಿಯ ಡಬ್ಬಿಗೆ ಸುರಿದುಕೊಳ್ಳಿ.

ಬಟ್ಟೆ: ಚಳಿಗಿಂತ ಗಾಳಿಯ ಲೆಕ್ಕ

ಜನವರಿಯಲ್ಲಿ ಬ್ರೈಟನ್ನಿನ ಹಗಲು ಸುಮಾರು 8 ಡಿಗ್ರಿ, ರಾತ್ರಿ 3ರ ಆಸುಪಾಸು. ಅಂಕಿ ನೋಡಿ 'ಊಟಿ ಹಾಗೇ ತಾನೆ' ಎನ್ನುವವರು ಗಾಳಿಯನ್ನು ಮರೆತಿರುತ್ತಾರೆ. 6 ಡಿಗ್ರಿ ಇರುವಾಗ ಗಂಟೆಗೆ 40 ಕಿ.ಮೀ. ವೇಗದ ಗಾಳಿ ಬೀಸಿದರೆ ಮೈಗೆ ತಟ್ಟುವುದು 1 ಡಿಗ್ರಿಯಷ್ಟು ಚಳಿ. ನೈರುತ್ಯದಿಂದ, ಅಂದರೆ ನೇರ ಸಮುದ್ರದ ಮೇಲಿನಿಂದ ಬರುವ ಆ ಗಾಳಿಗೆ ಅಲ್ಲಿ ಅಡ್ಡಿ ಎಂಬುದೇ ಇಲ್ಲ. ಧನುರ್ಮಾಸದ ಬೆಳಗಿನ ಪೂಜೆಗೆ ಹೊದ್ದುಕೊಳ್ಳುವ ಶಾಲು, ಎರಡು ಸ್ವೆಟರು ಇವುಗಳೆಲ್ಲದರ ಎಳೆಗಳ ನಡುವಿನಿಂದ ಗಾಳಿ ನುಗ್ಗುತ್ತದೆ. ಸ್ವೆಟರಿನ ಸಂಖ್ಯೆ ಹೆಚ್ಚಿಸಿ ಪ್ರಯೋಜನವಿಲ್ಲ, ಗಾಳಿ ತಡೆಯುವ ಹೊರಕೋಟು ಬೇಕು.

ಮೂರು ಪದರ. ಒಳಗೆ ಮೈಗಂಟುವ ಥರ್ಮಲ್, ಉಣ್ಣೆಯದೋ ಪಾಲಿಯೆಸ್ಟರಿನದೋ. ಹತ್ತಿ ಬನಿಯನ್ ಬೇಡ, ಅದು ಬೆವರು ಹೀರಿ ಹಾಗೇ ಹಿಡಿದುಕೊಂಡು ನಿಂತ ಮೇಲೆ ಮೈ ಕೊರೆಯುತ್ತದೆ. ನಡುವೆ ಫ್ಲೀಸ್ ಅಥವಾ ದಪ್ಪ ಸ್ವೆಟರು. ಮೇಲೆ ಗಾಳಿ, ನೀರು ಎರಡನ್ನೂ ತಡೆಯುವ, ತೊಡೆಯವರೆಗೆ ಇಳಿಯುವ, ಟೋಪಿ ಹೊಲಿದಿರುವ ಕೋಟು. ಥರ್ಮಲ್ಲನ್ನು ಇಲ್ಲಿಂದಲೇ ತೆಗೆದುಕೊಂಡು ಹೋಗಿ, ಕೋಟನ್ನು ಅಲ್ಲೇ ಕೊಳ್ಳಿ. ಪ್ರತಿ ಊರಿನ ಮುಖ್ಯ ಬೀದಿಯಲ್ಲೂ ದತ್ತಿ ಸಂಸ್ಥೆಗಳು ನಡೆಸುವ ಬಳಸಿದ ಬಟ್ಟೆಯ ಅಂಗಡಿಗಳಿರುತ್ತವೆ, ಅಲ್ಲಿ ಗಟ್ಟಿಮುಟ್ಟಾದ ಕೋಟು ಹೊಸದರ ಕಾಲು ಬೆಲೆಗೆ ಸಿಗುತ್ತದೆ. ಹಳೆಯದೆಂದು ಮೂಗು ಮುರಿಯಬೇಡಿ, ಅಲ್ಲಿನ ಉಳ್ಳವರೂ ಅಲ್ಲೇ ಕೊಳ್ಳುತ್ತಾರೆ.

ಸೀರೆಯೇ ಬೇಕೆನ್ನುವ ಅಮ್ಮಂದಿರು ಲಂಗದೊಳಗೆ ಥರ್ಮಲ್ ಲೆಗಿಂಗ್ಸ್ ಹಾಕಿಕೊಂಡು, ಸೀರೆಯನ್ನು ಪಾದದ ಗಂಟಿನಿಂದ ಎರಡು ಬೆರಳು ಮೇಲೆಯೇ ಉಟ್ಟು, ನೆರಿಗೆಗೆ ಎರಡು ಕಡೆ ಪಿನ್ನು ಹಾಕಬೇಕು. ನೆಲದವರೆಗೆ ಬಿಟ್ಟರೆ ಅಂಚು ಒದ್ದೆಯಾಗಿ ಸಂಜೆಯವರೆಗೂ ಒಣಗುವುದಿಲ್ಲ, ಕಾಲು ಮರಗಟ್ಟುತ್ತದೆ. ಕಡಲಂಚಿನ ನಡಿಗೆಗೆ ಚೂಡಿದಾರ್ ಅಥವಾ ಪ್ಯಾಂಟು ವಾಸಿ, ಸೀರೆಯನ್ನು ಅರಮನೆ ನೋಡುವ ಹೊತ್ತಿಗೆ ಇಟ್ಟುಕೊಳ್ಳಿ.

ಬ್ರೈಟನ್ನಿನ ದಂಡೆಯಲ್ಲಿ ಮರಳಿಲ್ಲ. ಇಡೀ ತೀರ ಮೊಟ್ಟೆ ಗಾತ್ರದ ನುಣುಪು ಬೆಣಚುಕಲ್ಲು. ತೆಳು ಅಟ್ಟೆಯ ಶೂ ಹಾಕಿದರೆ ಅಂಗಾಲು ನೋಯುತ್ತದೆ, ಚಪ್ಪಲಿಯಾದರೆ ಕಾಲು ಹೊರಳುತ್ತದೆ. ದಪ್ಪ ಅಟ್ಟೆಯ, ನೀರು ಇಳಿಯದ ಶೂ, ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ ಕೊಂಡದ್ದು ಇರಲಿ. ಬಿಗಿಯಾದ ಶೂನಲ್ಲಿ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಮಂಡಿನೋವಿನವರು ಕಲ್ಲಿಗೆ ಇಳಿಯದೆ ಮೇಲಿನ ಸಮತಟ್ಟಾದ ಕಾಲುದಾರಿಯಲ್ಲೇ ನಡೆಯಬಹುದು, ನೋಟಕ್ಕೆ ಏನೂ ಕೊರತೆಯಾಗುವುದಿಲ್ಲ.

ಕೊಡೆ ತರಬೇಡಿ, ಮೊದಲ ಬೀಸಿಗೇ ಮಗುಚುತ್ತದೆ. ಮಂಕಿ ಕ್ಯಾಪು ತನ್ನಿ. ಮೊಮ್ಮಕ್ಕಳು ನಗುತ್ತಾರೆ, ನಗಲಿ.

ರೈಲು ಟಿಕೆಟ್ಟಿನ ಬಲೆಗಳು

ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಿಂದ ಬ್ರೈಟನ್ನಿಗೆ ಸುಮಾರು ಒಂದು ಗಂಟೆ. ಸೇಂಟ್ ಪ್ಯಾಂಕ್ರಾಸ್, ಬ್ಲ್ಯಾಕ್‌ಫ್ರೈಯರ್ಸ್, ಲಂಡನ್ ಬ್ರಿಜ್ ಕಡೆಯಿಂದ ಥೇಮ್ಸ್‌ಲಿಂಕ್ ರೈಲಿನಲ್ಲಿ ಕಾಲು ಗಂಟೆ ಹೆಚ್ಚು. ಎರಡೂ ಗ್ಯಾಟ್‌ವಿಕ್ ವಿಮಾನ ನಿಲ್ದಾಣದ ಮೂಲಕವೇ ಹಾದುಹೋಗುತ್ತವೆ.

ಮೊದಲ ಬಲೆ: 'ಥೇಮ್ಸ್‌ಲಿಂಕ್ ಮಾತ್ರ' ಎಂದು ಅಚ್ಚಾದ ಅಗ್ಗದ ಟಿಕೆಟ್. ಅದನ್ನು ಹಿಡಿದು ವಿಕ್ಟೋರಿಯಾದಿಂದ ಹೊರಡುವ ಸದರ್ನ್ ಎಂಬ ಬೇರೆ ಸೇವೆಯ ರೈಲು ಹತ್ತಿದರೆ ಟಿಕೆಟ್ ಇಲ್ಲದ ಲೆಕ್ಕವೇ. ದಂಡ 100 ಪೌಂಡ್, ಜತೆಗೆ ಟಿಕೆಟ್ ದರ. 21 ದಿನದೊಳಗೆ ಕಟ್ಟಿದರೆ ದಂಡ 50ಕ್ಕೆ ಇಳಿಯುತ್ತದೆ. ಎರಡನೆಯದು ಆಯ್‌ಸ್ಟರ್ ಕಾರ್ಡು, ಲಂಡನ್ನಿನ ಬಸ್ಸು-ರೈಲಿಗೆ ದುಡ್ಡು ತುಂಬಿಟ್ಟುಕೊಳ್ಳುವ ಕಾರ್ಡು. ಲಂಡನ್ನಿನಲ್ಲಿ ಎಲ್ಲೆಡೆ ಮುಟ್ಟಿಸಿ ಓಡಾಡಿದ ಅಭ್ಯಾಸದಲ್ಲಿ ಅದನ್ನೇ ಮುಟ್ಟಿಸಿ ಹೊರಡುವವರು ಬಹಳ. ಅದು ಗ್ಯಾಟ್‌ವಿಕ್‌ವರೆಗೆ ಮಾತ್ರ ನಡೆಯುತ್ತದೆ, ಬ್ರೈಟನ್ನಿನ ಗೇಟು ಅದಕ್ಕೆ ತೆರೆಯುವುದಿಲ್ಲ. ಟಿಕೆಟ್ಟನ್ನು ಮೊದಲೇ ಕೊಂಡುಕೊಳ್ಳಿ.

ಇನ್ನು ಉಳಿತಾಯ. ಮೂರರಿಂದ ಒಂಬತ್ತು ಜನ ಒಟ್ಟಿಗೆ ಹೋಗುವುದಾದರೆ ಗ್ರೂಪ್‌ಸೇವ್ ಎಂಬ ರಿಯಾಯಿತಿಯಲ್ಲಿ ಮೂರರಲ್ಲೊಂದು ಪಾಲು ಕಡಿತ, ಯಾವ ಕಾರ್ಡೂ ಬೇಕಿಲ್ಲ. ಅಪ್ಪ, ಅಮ್ಮ, ಮಗಳು ಎಂದರೆ ಮೂವರಾಯಿತಲ್ಲ. ಇಬ್ಬರೇ ಹೋಗುವುದಾದರೆ, ಅರವತ್ತು ತುಂಬಿದವರು ಪಾಸ್‌ಪೋರ್ಟ್ ತೋರಿಸಿ ಸೀನಿಯರ್ ರೈಲ್‌ಕಾರ್ಡ್ ಮಾಡಿಸಬಹುದು, ಆ ದೇಶದ ನಿವಾಸಿಯೇ ಆಗಿರಬೇಕೆಂದಿಲ್ಲ. ವರ್ಷಕ್ಕೆ 35 ಪೌಂಡ್, ಕಡಿತ ಅದೇ ಮೂರನೇ ಒಂದು. ಒಂದೇ ಪ್ರವಾಸಕ್ಕೆ ಅಸಲು ಹುಟ್ಟುವುದಿಲ್ಲ. ಮೂರು ತಿಂಗಳು ಇದ್ದು ಬಾತ್, ಕೇಂಬ್ರಿಜ್, ಆಕ್ಸ್‌ಫರ್ಡ್ ಎಂದು ಸುತ್ತುವವರಿಗೆ ಚೆನ್ನಾಗಿ ಹುಟ್ಟುತ್ತದೆ.

ಶನಿವಾರ, ಭಾನುವಾರ ಹಳಿ ದುರಸ್ತಿಗೆ ಮಾರ್ಗ ಮುಚ್ಚುವುದು ಅಲ್ಲಿ ಮಾಮೂಲು. ರೈಲಿನ ಬದಲು ಬಸ್ಸು ಹಾಕುತ್ತಾರೆ, ಒಂದು ಗಂಟೆಯ ಹಾದಿ ಎರಡು-ಎರಡೂವರೆ ಆಗುತ್ತದೆ. ಕೋಣೆ ಕಾಯ್ದಿರಿಸುವ ಮೊದಲೇ ಆ ದಿನಾಂಕದ ವೇಳಾಪಟ್ಟಿಯನ್ನು ನ್ಯಾಷನಲ್ ರೈಲ್ ಆ್ಯಪಿನಲ್ಲಿ ನೋಡಿ, ಬಸ್ಸಿನ ಗುರುತು ಕಂಡರೆ ವಾರ ಬದಲಿಸಿ. ನಡೆಯಲು ಕಷ್ಟವಿರುವವರಿಗೆ ಗಾಲಿಕುರ್ಚಿ, ಇಳಿಸಿಕೊಳ್ಳುವ ಸಿಬ್ಬಂದಿ ಇವೆಲ್ಲ ಪ್ಯಾಸೆಂಜರ್ ಅಸಿಸ್ಟ್ ಎಂಬ ರೈಲ್ವೆಯ ನೆರವಿನ ಸೇವೆಯ ಮೂಲಕ ಉಚಿತ.

ಕಾರಿನಲ್ಲಿ ಹೋಗುವ ಯೋಚನೆ ಬಿಡಿ. ಬ್ರೈಟನ್ನಿನ ಪಾರ್ಕಿಂಗ್ ದುಡ್ಡು ಊಟದ ದುಡ್ಡನ್ನೂ ಮೀರಿಸುತ್ತದೆ.

ಕೋಣೆ

ಕಡಲಿಗೆ ಮುಖ ಮಾಡಿದ ಹಳೆಯ ಮಹಡಿಮನೆಗಳ ಸಾಲನ್ನೇ ಅಲ್ಲಿ ಹೋಟೆಲುಗಳಾಗಿ ಮಾಡಿದ್ದಾರೆ. ನೋಡಲು ಸುಂದರ. ಆದರೆ ಬಹಳ ಕಡೆ ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು, ಹಳೆಯ ಮರದ ಕಿಟಕಿಗಳು ಗಾಳಿಗೆ ಗಡಗಡ ಅನ್ನುತ್ತ ರಾತ್ರಿಯಿಡೀ ಎಚ್ಚರವಿಡುತ್ತವೆ. ಕಾಯ್ದಿರಿಸುವಾಗ ಎರಡು ಪ್ರಶ್ನೆ ಕೇಳಿ: ಲಿಫ್ಟ್ ಇದೆಯೇ, ಕಿಟಕಿಗೆ ಎರಡು ಗಾಜು ಇದೆಯೇ. ಸಮುದ್ರ ಕಾಣುವ ಕೋಣೆಗೆ ಹೆಚ್ಚು ಕೊಡುವುದು ಬೇಸಿಗೆಯಲ್ಲಿ ಸರಿ. ಚಳಿಗಾಲದಲ್ಲಿ ಸಂಜೆ ನಾಲ್ಕರ ಮೇಲೆ ಬೆಳಿಗ್ಗೆ ಎಂಟರವರೆಗೆ ಆ ಕಿಟಕಿಯಲ್ಲಿ ಕಾಣುವುದು ಬರೀ ಕಪ್ಪು. ಆ ದುಡ್ಡಿಗೆ ಪುಟ್ಟ ಅಡುಗೆಮನೆಯಿರುವ ಸರ್ವೀಸ್ ಅಪಾರ್ಟ್‌ಮೆಂಟ್ ಹಿಡಿದರೆ ಹಿರಿಯರಿಗೆ ರಾತ್ರಿ ಅನ್ನ-ಮೊಸರಾದರೂ ಆಗುತ್ತದೆ: 250 ಗ್ರಾಮಿನ ಬೇಯಿಸಿದ ಅನ್ನದ ಪೊಟ್ಟಣ ಮೈಕ್ರೋವೇವಿನಲ್ಲಿ ಎರಡು ನಿಮಿಷ, ಮೇಲೆ ಸೂಪರ್‌ಮಾರ್ಕೆಟ್ಟಿನ ಸಪ್ಪೆ ಯೋಗರ್ಟು. ಒಗ್ಗರಣೆಯ ಆಸೆ ಅಲ್ಲಿಗೆ ನಿಲ್ಲಲಿ, ಸಾಸಿವೆ ಸಿಡಿಸಿದ ಹೊಗೆಗೆ ಅಲಾರ್ಮ್ ಹೊಡೆದು ಇಡೀ ಕಟ್ಟಡದವರು ರಾತ್ರಿಯುಡುಪಿನಲ್ಲಿ ಚಳಿಗೆ ಇಳಿದು ನಿಲ್ಲಬೇಕಾಗುತ್ತದೆ.

ಬಚ್ಚಲಿನ ವಿಷಯ ಯಾರೂ ಹೇಳುವುದಿಲ್ಲ, ಆದರೆ ತೊಂದರೆಯಾಗುವುದು ಅಲ್ಲೇ. ಇಂಗ್ಲೆಂಡಿನ ಬಚ್ಚಲ ನೆಲಕ್ಕೆ ನೀರು ಹೋಗುವ ತೂತು ಇರುವುದಿಲ್ಲ. ನಮ್ಮಂತೆ ಚೊಂಬಿನಲ್ಲಿ ಹೊರಗೆ ನಿಂತು ಸುರಿದುಕೊಂಡರೆ ನೀರು ಕೆಳಗಿನ ಮಹಡಿಯ ಸೂರಿನಿಂದ ಇಳಿಯುತ್ತದೆ, ಖರ್ಚು ನಿಮ್ಮ ತಲೆಗೆ. ತೊಟ್ಟಿಯೊಳಗೇ ನಿಂತು, ಪರದೆಯ ಅಂಚನ್ನು ತೊಟ್ಟಿಯ ಒಳಕ್ಕೆ ಬಿಟ್ಟುಕೊಂಡು ಸ್ನಾನ ಮಾಡಿ. ಕಮೋಡಿನ ಪಕ್ಕ ನೀರಿನ ಪಿಚಕಾರಿ ಇರುವುದಿಲ್ಲ, ಒಂದು ಪ್ಲಾಸ್ಟಿಕ್ ಮಗ್ಗು ಪೆಟ್ಟಿಗೆಯಲ್ಲಿರಲಿ. ನಮ್ಮ ಗುಂಡುಕಡ್ಡಿಯ ಪ್ಲಗ್ಗು ಅಲ್ಲಿ ಕೂರುವುದಿಲ್ಲ, ಮೂರು ಚಪ್ಪಟೆ ಕಡ್ಡಿಯ ಅಡಾಪ್ಟರ್ ಬೇಕು. ವೋಲ್ಟೇಜು ನಮ್ಮದೇ, 230. ರೇಡಿಯೇಟರಿನ ತಿರುಪಿನಲ್ಲಿ 1ರಿಂದ 5ರವರೆಗೆ ಅಂಕಿಗಳಿದ್ದರೆ 3 ಸಾಕು. 5ಕ್ಕೆ ತಿರುಗಿಸಿದರೆ ಕೋಣೆ ಬೇಗ ಬಿಸಿಯಾಗುವುದಿಲ್ಲ, ಬಿಸಿ ನಿಲ್ಲುವುದು ತಡವಾಗುತ್ತದೆ ಅಷ್ಟೇ. ನಡುರಾತ್ರಿ ಗಂಟಲು ಒಣಗಿ ಏಳುತ್ತೀರಿ.

ಪ್ರತಿ ಕೋಣೆಯಲ್ಲೂ ಕೆಟಲ್ ಇರುತ್ತದೆ. ಅದರಲ್ಲಿ ನೀರು ಬಿಟ್ಟು ಬೇರೇನೂ ಬೇಯಿಸಬೇಡಿ. ಬಿಸಿನೀರಿನಲ್ಲಿ ಹುರಿಹಿಟ್ಟು, ಬೆಲ್ಲ ಕಲಸಿಕೊಂಡರೆ ಬೆಳಗಿನ ಹಸಿವು ತೀರುತ್ತದೆ. ಕಾಫಿಗೆ ಒಂದು ಉಪಾಯ: ಮಗಳ ಮನೆಯಲ್ಲೇ ಡಿಕಾಕ್ಷನ್ ಇಳಿಸಿ ಪುಟ್ಟ ಫ್ಲಾಸ್ಕಿನಲ್ಲಿ ಒಯ್ಯಿರಿ, ರೈಲಿನಲ್ಲಿ ದ್ರವಕ್ಕೆ ತಡೆಯಿಲ್ಲ. ಹಾಲು ಕೊಳ್ಳುವಾಗ ನೀಲಿ ಮುಚ್ಚಳ ನೋಡಿ, ಅದು ಗಟ್ಟಿ ಹಾಲು. ಹಸಿರು ಮುಚ್ಚಳದ್ದು ಅರ್ಧ ಕೆನೆ ತೆಗೆದದ್ದು, ಕೆಂಪು ಮುಚ್ಚಳದ್ದು ನೀರೇ ಎನ್ನಿ.

ಮೊದಲ ದಿನ: ಸೂರ್ಯಾಸ್ತದಿಂದ ಹಿಂದಕ್ಕೆ ಲೆಕ್ಕ

ಡಿಸೆಂಬರ್ ಕೊನೆಯಲ್ಲಿ ಸೂರ್ಯ ಎಂಟಕ್ಕೆ ಹುಟ್ಟಿ ನಾಲ್ಕಕ್ಕೆ ಮುಳುಗುತ್ತಾನೆ, ಜನವರಿ ಕೊನೆಗೆ ಮುಳುಗುವ ಹೊತ್ತು ನಾಲ್ಕೂ ಮುಕ್ಕಾಲರ ಕಡೆಗೆ ಸರಿಯುತ್ತದೆ. ಒಂಬತ್ತರ ಆಸುಪಾಸಿನ ರೈಲು ಹಿಡಿದರೆ ಹತ್ತು ಹತ್ತೂವರೆಗೆ ಊರಲ್ಲಿರುತ್ತೀರಿ. ಕೋಣೆ ಸಿಗುವುದು ಮಧ್ಯಾಹ್ನ ಮೂರಕ್ಕೆ, ಆದರೆ ಚೀಲ ಇರಿಸಿಕೊಳ್ಳುತ್ತಾರೆ. ನಿಲ್ದಾಣದಿಂದ ಕ್ವೀನ್ಸ್ ರೋಡ್, ವೆಸ್ಟ್ ಸ್ಟ್ರೀಟ್ ಹಿಡಿದು ನೇರ ಇಳಿದರೆ ಹದಿನೈದು ನಿಮಿಷದಲ್ಲಿ ಸಮುದ್ರ. ಹೋಗುವಾಗ ಇಳಿಜಾರು, ಮರಳುವಾಗ ಏರು, ಆಗ ಬಸ್ಸು ಹತ್ತಿ. ಬ್ಯಾಂಕ್ ಕಾರ್ಡನ್ನೇ ಮುಟ್ಟಿಸಿದರೆ ಸಾಕು.

ಬಂದ ಕೂಡಲೇ ಕಡಲಂಚಿನಲ್ಲಿ ಮುಕ್ಕಾಲು ಗಂಟೆ ನಡೆಯಿರಿ, ಮೈ ಬೆಚ್ಚಗಿರುವ ಹೊತ್ತದು. ಪಶ್ಚಿಮಕ್ಕೆ, ಅಂದರೆ ಪಕ್ಕದ ಊರಾದ ಹೋವ್ ಕಡೆಗೆ ಮೊದಲು ಹೋಗಿ. ಗಾಳಿ ಸಾಮಾನ್ಯವಾಗಿ ಆ ದಿಕ್ಕಿನಿಂದ ಬರುವುದರಿಂದ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ. ಉಲ್ಟಾ ಮಾಡಿದರೆ ದಣಿದ ಹೊತ್ತಿನಲ್ಲಿ ಗಾಳಿಗೆ ಮುಖ ಕೊಡಬೇಕಾಗುತ್ತದೆ. ದಾರಿಯಲ್ಲಿ ನೀರಿನ ನಡುವೆ ಕಾಣುವ ಕಬ್ಬಿಣದ ಅಸ್ಥಿಪಂಜರ 1866ರ ವೆಸ್ಟ್ ಪಿಯರ್, ದಡದಿಂದ ನೀರಿನೊಳಕ್ಕೆ ಚಾಚಿದ್ದ ಕಟ್ಟೆ. 1975ರಲ್ಲಿ ಮುಚ್ಚಿತು, 2003ರಲ್ಲಿ ಸುಟ್ಟಿತು. ತೆಗೆಯದೆ ಹಾಗೇ ಬಿಟ್ಟಿದ್ದಾರೆ, ಬಿಟ್ಟದ್ದೇ ಒಳ್ಳೆಯದಾಯಿತು.

ಮುಂದೆ ಒಳಗಿನ ಕೆಲಸ: ರಾಯಲ್ ಪೆವಿಲಿಯನ್. ಟಿಕೆಟ್ ಅಗ್ಗವಲ್ಲ, ಆದರೆ ಈ ಒಂದಕ್ಕೆ ಕೊಡಬಹುದು. ಮುಂದೆ ನಾಲ್ಕನೇ ಜಾರ್ಜ್ ಆದ ಯುವರಾಜ 1787ರಲ್ಲಿ ಕಡಲ ಬಳಿ ಕಟ್ಟಿಸಿದ ಮನೆಯನ್ನು, 1815ರಿಂದ 1823ರವರೆಗೆ ಜಾನ್ ನ್ಯಾಶ್ ಎಂಬ ವಾಸ್ತುಶಿಲ್ಪಿ ಗುಮ್ಮಟ, ಮಿನಾರು, ಜಾಲಂಧ್ರಗಳಿಂದ ಮುಚ್ಚಿ ಈಗಿನ ರೂಪಕ್ಕೆ ತಂದ. ಹೊರಗೆ ಹಿಂದೂಸ್ತಾನ, ಒಳಗೆ ಚೀನಾ. ಆ ನ್ಯಾಶ್ ಭಾರತ ಕಂಡವನಲ್ಲ, ಇಲ್ಲಿ ಸುತ್ತಿ ಹೋದ ಡೇನಿಯಲ್ ಎಂಬ ಚಿಕ್ಕಪ್ಪ-ಅಣ್ಣನ ಮಗ ಜೋಡಿಯ ಚಿತ್ರಗಳನ್ನು ನೋಡಿದವನು. ನಮ್ಮ ಅಂಬಾವಿಲಾಸ ಅರಮನೆಯನ್ನು ಹೆನ್ರಿ ಇರ್ವಿನ್ 1897ರಲ್ಲಿ ಶುರುಮಾಡಿ 1912ಕ್ಕೆ ಮುಗಿಸಿದ. ಅಂದರೆ ಇಂಡೋ-ಸಾರಸೆನಿಕ್ ಎಂದು ನಾವು ದಸರೆಯಲ್ಲಿ ದೀಪ ಹಚ್ಚಿ ನೋಡುವ ಶೈಲಿಯ ಹಿರಿಯ ಬಂಧು ಈ ಇಂಗ್ಲಿಷ್ ಕಡಲೂರಿನಲ್ಲಿ ಮುಕ್ಕಾಲು ಶತಮಾನ ಮೊದಲೇ ನಿಂತಿತ್ತು. ಮೈಸೂರಿನ ಗುಮ್ಮಟಗಳ ಅಳತೆ ಕಣ್ಣಲ್ಲಿರುವವರಿಗೆ ಇಲ್ಲಿನವು ಕೊಂಚ ಈರುಳ್ಳಿಯಂತೆ ಉಬ್ಬಿದವು ಅನ್ನಿಸಬಹುದು. ಭೋಜನಶಾಲೆಯ ಛಾವಣಿಯಲ್ಲಿ ಡ್ರ್ಯಾಗನ್ ಉಗುರುಗಳಲ್ಲಿ ಹಿಡಿದ ದೀಪಗುಚ್ಛದ ತೂಕ ಸುಮಾರು ಒಂದು ಟನ್.

ಅವಸರ ಪಡದೆ ನೋಡಬೇಕಾದ ಭಾಗ ಇನ್ನೊಂದಿದೆ. 1914ರ ಡಿಸೆಂಬರಿನಿಂದ 1916ರ ಆರಂಭದವರೆಗೆ ಇದು ಫ್ರಾನ್ಸ್ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸೈನಿಕರ ಆಸ್ಪತ್ರೆಯಾಗಿತ್ತು. ಅವರವರ ಮತ, ಜಾತಿಯ ಕಟ್ಟಳೆಗೆ ತಕ್ಕಂತೆ ಒಂಬತ್ತು ಅಡುಗೆಮನೆಗಳನ್ನು ಹೂಡಿದ್ದರು, ಹಿಂದೂಗಳಿಗೂ ಮುಸ್ಲಿಮರಿಗೂ ನೀರಿನ ನಲ್ಲಿ ಬೇರೆ ಬೇರೆ. ತೋಟದ ದಕ್ಷಿಣ ಬಾಗಿಲನ್ನು ಅದರ ನೆನಪಿಗೆ 1921ರಲ್ಲಿ ಪಟಿಯಾಲದ ಮಹಾರಾಜರು ಉದ್ಘಾಟಿಸಿದರು. ಇಲ್ಲಿ ಮೈಸೂರು ಲ್ಯಾನ್ಸರ್ಸ್‌ನವರ ಹೆಸರು ಹುಡುಕಬೇಡಿ, ನಮ್ಮ ಪಡೆ ಹೋದದ್ದು ಸೂಯೆಜ್, ಹೈಫಾ ಕಡೆಗೆ.

ಅರಮನೆಗೆ ಎರಡು ಗಂಟೆ, ಊಟಕ್ಕೆ ಒಂದು ಗಂಟೆ ಇಟ್ಟುಕೊಂಡು, ಸೂರ್ಯ ಮುಳುಗುವ ನಲವತ್ತು ನಿಮಿಷ ಮೊದಲು ಪ್ಯಾಲೆಸ್ ಪಿಯರ್ ಬುಡದಲ್ಲಿರಿ. ಇದು 1899ರದು, ಅರ್ಧ ಕಿಲೋಮೀಟರಿಗಿಂತ ತುಸು ಹೆಚ್ಚು ಉದ್ದ ನೀರಿನೊಳಕ್ಕೆ ಚಾಚಿದ ಕಬ್ಬಿಣ, ಮರದ ಕಟ್ಟೆ. ನವೆಂಬರಿನಿಂದ ಫೆಬ್ರವರಿವರೆಗೆ ಕಬ್ಬಕ್ಕಿಗಳು ಸಂಜೆ ಇದರ ಅಡಿಯಲ್ಲಿ ಮಲಗಲು ಬರುತ್ತವೆ. ಇಳಿಯುವ ಮೊದಲು ಸಾವಿರಾರು ಹಕ್ಕಿ ಒಂದೇ ಮೈಯಂತೆ ಆಕಾಶದಲ್ಲಿ ಹಿಗ್ಗಿ, ಕುಗ್ಗಿ, ಮಡಚಿಕೊಳ್ಳುತ್ತವೆ. ನಮ್ಮ ಜೋಳದ ಹೊಲಗಳಿಗೆ ಚಳಿಗಾಲದಲ್ಲಿ ಬರುವ ಗುಲಾಬಿ ಕಬ್ಬಕ್ಕಿಗಳ ಹತ್ತಿರದ ನೆಂಟರು ಇವು. ಮೋಡವಿಲ್ಲದ, ಗಾಳಿ ಇಳಿದ ಸಂಜೆಯಾದರೆ ಆಟ ದೀರ್ಘ, ಬಿರುಗಾಳಿಯಾದರೆ ನೇರ ಬಂದು ಅಡಗುತ್ತವೆ. ಅರ್ಧ ಗಂಟೆ ಅಲುಗದೆ ನಿಲ್ಲಬೇಕಾದ್ದರಿಂದ ಇಡೀ ದಿನದಲ್ಲಿ ಅತಿ ಹೆಚ್ಚು ಚಳಿ ತಟ್ಟುವುದೂ ಇಲ್ಲೇ: ಕೈಗವಸು, ಫ್ಲಾಸ್ಕಿನ ಕಾಫಿ, ಎಳ್ಳು-ಬೆಲ್ಲ ಎಲ್ಲ ಹೊರಬರಲಿ.

ಕತ್ತಲಾದ ಮೇಲೆ ಲೇನ್ಸ್ ಎಂಬ ಇಕ್ಕಟ್ಟು ಓಣಿಗಳಿಗೆ ಸರಿಯಿರಿ, ಗಾಳಿ ಅಲ್ಲಿಗೆ ನುಗ್ಗುವುದಿಲ್ಲ. ಚಿನ್ನಬೆಳ್ಳಿಯ ಅಂಗಡಿಗಳೇ ಹೆಚ್ಚು, ನೋಡಲು ಕಾಸಿಲ್ಲ.

ತಿನ್ನುವುದು

ಮೀನು ಮತ್ತು ಚಿಪ್ಸ್ ಅಂಗಡಿಯಲ್ಲಿ 'ನಮಗೆ ಆಲೂ ಮಾತ್ರ' ಎಂದರೂ ಅದು ಮೀನು ಕರಿದ ಎಣ್ಣೆಯಲ್ಲೇ ಬೆಂದಿರಬಹುದು. ಕೆಲವು ಕಡೆ ಎಣ್ಣೆಯೇ ಅಲ್ಲ, ದನದ ಕೊಬ್ಬು. ಕೇಳಿದರೆ ಮುಚ್ಚಿಡದೆ ಹೇಳುತ್ತಾರೆ, ಕೇಳಬೇಕು ಅಷ್ಟೇ. ಕ್ರಿಸ್‌ಮಸ್ ಕಾಲದ ಮಿನ್ಸ್ ಪೈ ಹಣ್ಣಿನದೇ ಆದರೂ ಒಳಗೆ ಸೂಯೆಟ್ ಎಂಬ ಕೊಬ್ಬು ಇರಬಹುದು, ಪೊಟ್ಟಣದ ಮೇಲೆ ಸಸ್ಯಾಹಾರಿ ಗುರುತು ನೋಡಿ. ಹಾಟ್ ಚಾಕಲೇಟಿನ ಮೇಲೆ ಹಾಕುವ ಬಿಳಿ ಮಾರ್ಷ್‌ಮೆಲೋದಲ್ಲಿ ಪ್ರಾಣಿಗಳ ಎಲುಬು-ಚರ್ಮದಿಂದ ತೆಗೆದ ಜೆಲಟಿನ್, ಪಾರ್ಮೆಸಾನ್ ಚೀಸಿನಲ್ಲಿ ಕರುವಿನ ಹೊಟ್ಟೆಯ ರೆನೆಟ್. 'ವೆಜಿಟೇರಿಯನ್' ಎಂದರೆ ಅಲ್ಲಿ ಮೊಟ್ಟೆ ಒಳಗೊಂಡದ್ದೇ. ಮೊಟ್ಟೆಯೂ ಬೇಡದವರು 'ವೀಗನ್' ಎಂದೇ ಕೇಳುವುದು ಸುಲಭ, ಹಾಲು ಸಿಗುವುದಿಲ್ಲ ಅಷ್ಟೇ. ಅದೃಷ್ಟಕ್ಕೆ ಬ್ರೈಟನ್ ಆ ದೇಶದಲ್ಲೇ ಸಸ್ಯಾಹಾರಕ್ಕೆ ಹೆಸರಾದ ಊರು. ಲೇನ್ಸ್ ಆಸುಪಾಸಿನ ಟೆರ್ ಆ ಟೆರ್, ಫುಡ್ ಫಾರ್ ಫ್ರೆಂಡ್ಸ್ ಎರಡೂ ಪೂರ್ತಿ ಸಸ್ಯಾಹಾರಿ. ಶನಿವಾರ ಮೊದಲೇ ಮೇಜು ಕಾಯ್ದಿರಿಸದಿದ್ದರೆ ಜಾಗ ಕಷ್ಟ.

ಬಯಲಲ್ಲಿ ಕೈಯಲ್ಲಿ ತಿಂಡಿ ಹಿಡಿದು ನಡೆಯಬೇಡಿ. ಚಾಮುಂಡಿಬೆಟ್ಟದ ಕೋತಿಗಳ ಕೆಲಸವನ್ನು ಅಲ್ಲಿ ಕಡಲಕಾಗೆಗಳು ಮಾಡುತ್ತವೆ, ಅವು ಹಿಂದಿನಿಂದ ಬರುತ್ತವೆ.

ಕಾರ್ಡ್ ಉಜ್ಜುವಾಗ ಯಂತ್ರ 'ಪೌಂಡೋ ರೂಪಾಯಿಯೋ' ಎಂದು ಕೇಳಿದರೆ ಯಾವಾಗಲೂ ಪೌಂಡ್. ರೂಪಾಯಿ ಒತ್ತಿದರೆ ಅವರಿಗೆ ಬೇಕಾದ ವಿನಿಮಯ ದರ ಹಾಕಿಕೊಳ್ಳುತ್ತಾರೆ.

ಎರಡನೇ ದಿನ: ಆಕಾಶ ನೋಡಿ ತೀರ್ಮಾನ

ಬೆಳಿಗ್ಗೆ ಅಲ್ಲಿನ ಹವಾಮಾನ ಇಲಾಖೆಯಾದ ಮೆಟ್ ಆಫೀಸಿನ ಮುನ್ಸೂಚನೆ ನೋಡಿ. ಹಳದಿ ಎಚ್ಚರಿಕೆ ಇದ್ದರೆ ದೂರ ಹೋಗುವ ಯೋಚನೆ ಕೈಬಿಡಿ. ಅದಕ್ಕಿಂತ ಗಂಭೀರವಾದ ಅಂಬರ್ ಬಣ್ಣದ ಎಚ್ಚರಿಕೆ ಬಂದರೆ ಕಡಲಂಚಿಗೂ ಬೇಡ: ಅಲೆಗಳು ದಂಡೆಯ ಕಲ್ಲುಗಳನ್ನೇ ಎತ್ತಿ ಕಾಲುದಾರಿಗೆ ಎಸೆಯುತ್ತವೆ. ಶಾಂತ ದಿನದಲ್ಲೂ ನೀರಂಚಿಗೆ ಬೆನ್ನು ಮಾಡಿ ಸೆಲ್ಫಿ ತೆಗೆಯಬೇಡಿ. ದಂಡೆ ಕಡಿದಾಗಿ ಇಳಿಯುತ್ತದೆ, ಕಾಲಡಿಯ ಕಲ್ಲು ಜಾರುತ್ತದೆ. 9-10 ಡಿಗ್ರಿಯ ನೀರಿಗೆ ಬಿದ್ದವರು ಮೊದಲ ನಿಮಿಷದಲ್ಲೇ ಉಸಿರು ಸಿಕ್ಕಿ ನೀರು ಕುಡಿಯುತ್ತಾರೆ, ಈಜು ಬರುವುದು ಬಾರದಿರುವುದು ಅಲ್ಲಿ ಲೆಕ್ಕಕ್ಕಿಲ್ಲ. ಯಾರಾದರೂ ಬಿದ್ದರೆ ಹಿಂದೆ ಹಾರದೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಎಂದು ಹೇಳಿ.

ಬಿಸಿಲಿದ್ದರೆ ಸೆವೆನ್ ಸಿಸ್ಟರ್ಸ್ ಎಂಬ ಬಿಳಿ ಸುಣ್ಣಕಲ್ಲಿನ ಬಂಡೆಸಾಲು ನೋಡಿ ಬನ್ನಿ. ಈಸ್ಟ್‌ಬೋರ್ನ್ ಕಡೆಯ 12ರ ಸರಣಿಯ ಬಸ್ಸು, ಎಕ್ಸೀಟ್ ನಿಲ್ದಾಣದಲ್ಲಿ ಇಳಿಯುವುದು, ಸುಮಾರು ಒಂದು ಗಂಟೆ. ಬಸ್ಸಿನ ಮೇಲಂತಸ್ತಿನ ಬಲಬದಿಯಲ್ಲಿ ಕೂತರೆ ಹೋಗುವಾಗ ಸಮುದ್ರ ನಿಮ್ಮ ಕಡೆಗೇ. ಬಂಡೆಯ ಅಂಚಿನಿಂದ ಕನಿಷ್ಠ ಐದು ಮೀಟರ್ ದೂರವಿರಿ, ಮಳೆನೀರು ಕುಡಿದ ಸುಣ್ಣಕಲ್ಲು ಮುನ್ಸೂಚನೆಯಿಲ್ಲದೆ ಕುಸಿಯುತ್ತದೆ. ಅದೇ ಕಾರಣಕ್ಕೆ ಬುಡದಲ್ಲೂ ನಿಲ್ಲಬಾರದು. ಮರಳಿ ಬಸ್ಸು ಹತ್ತುವುದು ಮೂರು ಗಂಟೆಯೊಳಗೆ ಆಗಲಿ.

ಗಟ್ಟಿ ಕಾಲಿನವರಿಗೆ ಇನ್ನೊಂದು ದಾರಿ, ಚತ್ರಿ. ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಹಿಂದೂ, ಸಿಖ್ ಸೈನಿಕರನ್ನು ದಹಿಸಿದ ಗುಡ್ಡದ ಮೇಲೆ 1921ರಲ್ಲಿ ಎತ್ತಿದ ಬಿಳಿ ಅಮೃತಶಿಲೆಯ ಮಂಟಪ. ಪ್ಯಾಚಮ್‌ವರೆಗೆ ಬಸ್ಸು, ಅಲ್ಲಿಂದ ಕುರಿ ಮೇಯುವ ಹೊಲಗಳ ನಡುವೆ ಏರು. ಚಳಿಗಾಲದಲ್ಲಿ ಕೆಸರು ಕಣಕಾಲುದ್ದ, ಹೋಗಿಬರಲು ಎರಡು-ಎರಡೂವರೆ ಗಂಟೆ ಇಟ್ಟುಕೊಳ್ಳಿ. ಅಲ್ಲಿ ಅಂಗಡಿಯಿಲ್ಲ, ಶೌಚಾಲಯವಿಲ್ಲ, ಸೂರೂ ಇಲ್ಲ.

ಮಳೆ ಹಿಡಿದರೆ ಸೀ ಲೈಫ್. 1872ರಿಂದ ನಡೆಯುತ್ತಿರುವ ಈ ಮತ್ಸ್ಯಾಲಯ ಇಂದಿಗೂ ತೆರೆದಿರುವವುಗಳಲ್ಲಿ ಜಗತ್ತಿನಲ್ಲೇ ಹಳೆಯದು, ಮೊಮ್ಮಕ್ಕಳಿದ್ದರೆ ಎರಡು ಗಂಟೆ ಕಳೆಯುತ್ತದೆ. ಅದರ ಹತ್ತಿರವೇ ಶುರುವಾಗುವ ವೋಕ್ಸ್ ವಿದ್ಯುತ್ ರೈಲು, 1883ರದು, ಚಳಿಗಾಲದಲ್ಲಿ ಓಡುವುದಿಲ್ಲ. ಊರೊಳಗಿನ ಸೇಂಟ್ ನಿಕೊಲಸ್ ಚರ್ಚಿನ ಅಂಗಳದಲ್ಲಿ ಪಾಟ್ನಾದ ಶೇಖ್ ದೀನ್ ಮಹಮ್ಮದನ ಸಮಾಧಿಯಿದೆ. ಈ ಊರಲ್ಲಿ ಉಗಿಸ್ನಾನದ ಮನೆ ನಡೆಸಿ, ತಲೆ-ಮೈ ತಿಕ್ಕುವ ನಮ್ಮ ಚಂಪಿಯನ್ನು ರಾಜಮನೆತನಕ್ಕೂ ಮಾಡಿ, 1851ರಲ್ಲಿ ತೀರಿಕೊಂಡವನು. ನಾವೀಗ ಸ್ಯಾಷೆಯಲ್ಲಿ ಕೊಳ್ಳುವ ಶಾಂಪೂ ಎಂಬ ಮಾತು ಆ ಚಂಪಿಯಿಂದಲೇ ಬಂದದ್ದು.

ಭಾನುವಾರ ದೊಡ್ಡ ಅಂಗಡಿಗಳು ಕಾನೂನಿನಂತೆ ಆರೇ ಗಂಟೆ ತೆರೆದಿರುತ್ತವೆ, ಸಾಮಾನ್ಯವಾಗಿ ಹನ್ನೊಂದರಿಂದ ಐದು. ನೆಂಟರಿಷ್ಟರಿಗೆ ಏನಾದರೂ ಒಯ್ಯಬೇಕೆಂದರೆ ಅಷ್ಟರೊಳಗೆ ಮುಗಿಸಿ. ಉದ್ದಕ್ಕೂ ಊರಿನ ಹೆಸರು ಮೂಡಿರುವ ಗುಲಾಬಿ ಬಣ್ಣದ ಸಕ್ಕರೆ ಕೋಲು, ಬ್ರೈಟನ್ ರಾಕ್, ಸಕ್ಕರೆ ಅಚ್ಚು ತಿಂದು ಬೆಳೆದವರಿಗೆ ಹೊಸದಲ್ಲ. ಆದರೆ ಮಂಡ್ಯಕ್ಕೆ ತಲುಪುವವರೆಗೂ ಮುರಿಯದೆ ಉಳಿಯುವ ತಿನಿಸು ಅದೊಂದೇ. ಹಲ್ಲು ಕಟ್ಟಿಸಿಕೊಂಡವರು ಕಚ್ಚಬೇಡಿ, ಚೀಪಿ.